ಸದ್ದು ಮಾಡದ ಗಾಡಿಯ ಮುಂದೆ ಸ್ಪ್ಯಾನರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಷಟರಿನ ಒಳಗೆ ಹೆಂಗಸೊಬ್ಬರು ಹಳೆಯ ವ್ಯಾನಿನ ಬಾನೆಟ್ ತೆರೆದಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾರೆ. ಎಂಜಿನ್ ಗುನುಗುತ್ತಿದೆ. ದೂರದಲ್ಲಿ ಯಾರೋ ಹಾಡುತ್ತಿರುವುದನ್ನು ಕೇಳುವವರ ಮುಖ ಅವರದು. ಇವರ ಬಗ್ಗೆ ಬರೆಯಬೇಕೆಂದು ನಿದ್ದೆಗಣ್ಣಿನಲ್ಲೇ ಬಂದ ನನಗೆ ಇಡೀ ಬೀದಿ ಇನ್ನೂ ಕನಸಿನಿಂದ ಎದ್ದಿಲ್ಲ ಅನಿಸುತ್ತದೆ. ಮಾತಾಡಿಸಲು ಮನಸ್ಸಾಗದೆ ಒಂದು ಹಳೆಯ ಟೈರಿನ ಮೇಲೆ ಕೂತುಬಿಡುತ್ತೇನೆ.

"ಬೇರಿಂಗ್ ಸವೆದಿದೆ," ಎಂದು ಅವರು ಕಣ್ಣು ತೆರೆಯುತ್ತಾರೆ. ಆಮೇಲೆ ನನ್ನನ್ನು ನೋಡಿ, ಪ್ಯಾಂಟಿಗೆ ಎಣ್ಣೆ ಹತ್ತುತ್ತೆ, ಮೇಲೆ ಏಳಿ ಅನ್ನುತ್ತಾರೆ. ಅಷ್ಟರಲ್ಲಿ ಎಣ್ಣೆ ಹತ್ತಿಬಿಟ್ಟಿದೆ.

ಬೀದಿಯವರಿಗೆಲ್ಲ ಇವರು ಸ್ಪ್ಯಾನರಕ್ಕ. ಗ್ಯಾರೇಜು ಮಾವನದು. ಅವರ ಮಗನಿಗೆ, ಅಂದರೆ ಇವರ ಗಂಡನಿಗೆ, ಎಣ್ಣೆ ಮಸಿ ಕಂಡರೆ ಮಾರು ದೂರ. ಪಕ್ಕದ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಟೈಲರ್ ಆದ. ಮಧ್ಯಾಹ್ನ ಬುತ್ತಿ ತರುತ್ತಿದ್ದ ಸೊಸೆ ಮಾತ್ರ ಬುತ್ತಿ ಖಾಲಿಯಾಗುವ ತನಕ ಎಂಜಿನ್ನಿನ ಪಕ್ಕದಲ್ಲೇ ನಿಂತಿರುತ್ತಿದ್ದಳು. ಮಾವ ಅವಳ ಕಿವಿಗೆ ಸ್ಕ್ರೂಡ್ರೈವರ್ ಕೊಟ್ಟು, ಏನು ಕೇಳಿಸಿತು ಹೇಳು ಅನ್ನುತ್ತಿದ್ದರಂತೆ. ಹಾಗೆ ಶುರುವಾದ ಪಾಠ. ಅವರು ತೀರಿಕೊಂಡ ಮೇಲೂ ಷಟರ್ ಇಳಿಯಲಿಲ್ಲ. ಮೊದಮೊದಲು ಗಿರಾಕಿಗಳು ಒಳಗೆ ಇಣುಕಿ, "ಯಾರೂ ಇಲ್ವಾ?" ಎಂದು ಇವರನ್ನೇ ಕೇಳುತ್ತಿದ್ದರಂತೆ. ಈಗ ಹಾಗೆ ಕೇಳುವ ಧೈರ್ಯ ಯಾರಿಗಿದೆ? ಬಾಗಿಲ ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿರುತ್ತಾರೆ, ಬಾಯಿಗೆ ಸಿಕ್ಕಿದವನು ಬಚಾವಾಗುವುದಿಲ್ಲ.

ಇಂದು ಮನೆಯಲ್ಲಿ ಒಂದು ತೀರ್ಮಾನ ಆಗಬೇಕಿದೆ. ಊರಾಚೆಯ ತರಬೇತಿ ಕೇಂದ್ರದಲ್ಲಿ ವಾಹನ ರಿಪೇರಿಯ ಸರ್ಟಿಫಿಕೇಟ್ ಕೋರ್ಸಿದೆ, ಬ್ಯಾಟರಿ ಗಾಡಿಗಳನ್ನೂ ಕಲಿಸುತ್ತಾರೆ. ಒಂದು ವರ್ಷ, ವಾರಕ್ಕೆ ಮೂರು ದಿನ. ಆ ಮೂರು ದಿನ ಗ್ಯಾರೇಜಿಗೆ ಬೀಗ. ಫೀಸು ಕಟ್ಟಲು ಇವತ್ತೇ ಕೊನೆ.

ಗಂಡ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬಿಡಿಸಿಟ್ಟಿದ್ದಾನೆ. ಒಂದು ಕಡೆ ಫೀಸು, ಬಸ್ ಚಾರ್ಜು, ಬೀಗ ಹಾಕಿದ ದಿನಗಳ ನಷ್ಟ. ಇನ್ನೊಂದು ಕಡೆ ಮುಂದೆ ಬರಬಹುದಾದ ಕೆಲಸ. "ಹಾಕಿದ್ದು ವಾಪಸ್ ಬರೋಕೆ ಮೂರು ವರ್ಷ ಬೇಕು. ಬಟ್ಟೆ ಆಗಿದ್ರೆ ಈ ಅಳತೆಗೆ ನಾನು ಕತ್ತರಿ ಹಾಕ್ತಿರ್ಲಿಲ್ಲ," ಅನ್ನುತ್ತಾನೆ. ಹಾಗಂತ ಬೇಡ ಎಂದೂ ಅನ್ನುವುದಿಲ್ಲ, ಜಾಣ. ಅತ್ತೆಯದು ಸೀದಾ ಮಾತು. ಚೆನ್ನಾಗಿ ಬರುವ ಕೆಲಸಕ್ಕೆ ಕಾಗದ ಯಾಕೆ, ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುತ್ತಾಳೆ ಎಂದು ವಾರದಿಂದ ಗೊಣಗುತ್ತಿದ್ದಾರೆ.

ಸ್ಪ್ಯಾನರಕ್ಕನ ಲೆಕ್ಕ ಬೇರೆಯೇ ಇದೆ. ಹೋದ ವರ್ಷ ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಕಾರೊಂದು ಬಂತು. ಬಾನೆಟ್ ಎತ್ತಿ ಕಿವಿಗೊಟ್ಟರೆ ಎಲ್ಲ ನಿಶ್ಶಬ್ದ. ಕೈ ಒಳಗೆ ಹಾಕಿದರು. ಎಂಜಿನ್ ತಾನಾಗಿಯೇ ಚಾಲೂ ಆಯಿತು. ಬೆಲ್ಟು ಗ್ಲೌಸನ್ನು ಎಳೆದುಕೊಂಡಿತು, ಜೊತೆಗೆ ಉಂಗುರದ ಬೆರಳಿನ ಉಗುರನ್ನೂ.

"ಸದ್ದಿಲ್ಲ ಅಂದ್ರೆ ಆಫ್ ಆಗಿದೆ ಅಂದ್ಕೊಂಡೆ. ಮಾವ ಕಲಿಸಿದ್ದೂ ಅದೇ ಅಲ್ವಾ? ಅದು ಆಫ್ ಆಗಿರ್ಲಿಲ್ಲ, ಸುಮ್ನೆ ಇತ್ತು ಅಷ್ಟೇ," ಎಂದು ದನಿ ತಗ್ಗಿಸಿ ಬೆರಳು ತೋರಿಸುತ್ತಾರೆ. ಉಗುರು ಮತ್ತೆ ಬಂದಿದೆ, ಸ್ವಲ್ಪ ಸೊಟ್ಟಗೆ. "ಹೇಗಾಯ್ತು ಅಂತ ಮನೇಲಿ ಯಾರಿಗೂ ಹೇಳಿಲ್ಲ. ಅವತ್ತಿಂದ ಹೊಸ ಗಾಡಿ ಬಂದ್ರೆ ಕೈ ತಾನಾಗೇ ಹಿಂದಕ್ಕೆ ಬರುತ್ತೆ, ಏನೋ ನೆಪ ಹೇಳಿ ಕಳಿಸ್ತೀನಿ."

ಹೀಗೆ ಮಾತಾಡುತ್ತಿರುವಾಗಲೇ ಬಾಗಿಲಲ್ಲಿ ಒಂದು ಬಿಳಿ ಗಾಡಿ ನಿಂತಿರುತ್ತದೆ. ಯಾವಾಗ ಬಂತೋ, ಮೋಡದ ನೆರಳು ಅಂಗಳಕ್ಕೆ ಸರಿದ ಹಾಗೆ. ಬ್ರೆಡ್ ಹಂಚುವವನ ಹೊಸ ಬ್ಯಾಟರಿ ವ್ಯಾನು. ಅವನು ಮಾವನ ಕಾಲದ ಗಿರಾಕಿ. ಏರಿನಲ್ಲಿ ಎಳೆಯುತ್ತಿಲ್ಲ, ಸ್ವಲ್ಪ ನೋಡಿ ಅಕ್ಕ ಅನ್ನುತ್ತಾನೆ. ಬಿಸಿ ಬ್ರೆಡ್ಡಿನ ಪರಿಮಳ ಗ್ಯಾರೇಜಿನ ತುಂಬ ಹರಡುತ್ತದೆ. ಸ್ಪ್ಯಾನರಕ್ಕ ಕೈ ಒರೆಸಿಕೊಂಡು ಮುಂದೆ ಹೋಗುತ್ತಾರೆ, ಬಾನೆಟ್ಟಿನವರೆಗೂ ಹೋಗುತ್ತಾರೆ. ಅಲ್ಲೇ ನಿಲ್ಲುತ್ತಾರೆ.

"ನಂಗೆ ಇದು ಬರಲ್ಲಪ್ಪ. ಬೇರೆ ಕಡೆ ತೋರ್ಸು."

ಬ್ರೆಡ್ಡಿನವನು ಪರವಾಗಿಲ್ಲ ಬಿಡಿ ಅಕ್ಕ ಎಂದು ತಾನೇ ನಾಚಿಕೊಂಡು ಹೊರಡುತ್ತಾನೆ. ಗಾಡಿ ಬಂದ ಹಾಗೆಯೇ ಕರಗಿಹೋಗುತ್ತದೆ. ಪಕ್ಕದ ಕೋಣೆಯ ಹೊಲಿಗೆ ಮೆಷಿನ್ ನಿಂತಿದೆ. ಅತ್ತೆ ಬಹಳ ಹೊತ್ತು ಬೀದಿಯನ್ನೇ ನೋಡುತ್ತಾರೆ. ಈ ಅಂಗಡಿಯಲ್ಲಿ ಇಂಥ ಮಾತು ಅವರು ಕೇಳಿದ್ದು ಇದೇ ಮೊದಲು.

"ಎದ್ದು ಹೋಗು. ಫೀಸು ಕಟ್ಟಿ ಬಾ," ಅನ್ನುತ್ತಾರೆ ಕೊನೆಗೆ. ಸೊಸೆ ತಲೆಯೆತ್ತುತ್ತಾಳೆ. "ಬೀಗ ಗೀಗ ಏನೂ ಬೇಡ. ನಾನು ಕೂತಿರ್ತೀನಿ. ಬಂದೋರಿಗೆ, ನನ್ನ ಸೊಸೆ ಕಲಿಯೋಕೆ ಹೋಗಿದ್ದಾಳೆ, ನಾಳೆ ಬನ್ನಿ ಅಂತೀನಿ. ಬರಲ್ಲ ಅಂತ ಮಾತ್ರ ಈ ಬಾಗಿಲಲ್ಲಿ ಇನ್ನೊಂದು ಸಲ ಅನ್ಬೇಡ, ನಂಗೆ ತಡೆಯೋಕಾಗಲ್ಲ."

ಸ್ಪ್ಯಾನರಕ್ಕ ನಲ್ಲಿಯ ಕೆಳಗೆ ಕೈ ತೊಳೆಯುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಕಣ್ಣು ಒದ್ದೆಯಾಗಿದ್ದು ನೀರು ಸಿಡಿದೋ ಏನೋ. ಬಸ್ ಸ್ಟಾಪಿನ ತನಕ ನಾನೂ ಜೊತೆಗೆ ನಡೆಯುತ್ತೇನೆ. ಸರ್ಟಿಫಿಕೇಟ್ ಬಂದ ಮೇಲೆ ಏನಾಗಬೇಕು ಎಂದು ಕೇಳಿದರೆ, ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಮೆಲ್ಲಗೆ ಹೇಳುತ್ತಾರೆ:

"ಆ ಬ್ರೆಡ್ಡಿನವನನ್ನ ನಾನೇ ಕರೀತೀನಿ. ಬಾನೆಟ್ ಎತ್ತಿ ಕೈ ಇಡ್ಬೇಕು, ಹೆದರ್ಕೊಳ್ದೆ. ನಮ್ಮತ್ತೆ ನೋಡ್ತಿರೋವಾಗ."