ಕೆಂಪು ಬಾವುಟದ ಹಡಗು

ಭೂಮಿ ದುಂಡಗಿದೆ ಎಂಬುದಕ್ಕೆ ನಾನು ಕೊಡುತ್ತಿದ್ದ ಸಾಕ್ಷಿ ಒಂದು ಹಡಗು. ಶಿವಾಜಿನಗರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಷ್ಟು ಕಾಲವೂ ಬೋರ್ಡಿನ ಮೇಲೆ ಬಾಗಿದ ಗೆರೆ ಎಳೆದು, ಅದರಾಚೆ ಹಡಗು ಬರೆದು, ದಡದಲ್ಲಿ ನಿಂತವರಿಗೆ ಮೊದಲು ಕಂಬದ ತುದಿ ಕಾಣುತ್ತದೆ, ಆಮೇಲೆ ಒಡಲು ಎನ್ನುತ್ತಿದ್ದೆ. ಒಂದು ವರ್ಷ ಹುಡುಗಿಯೊಬ್ಬಳು ಎದ್ದು, "ನೀವು ನೋಡಿದ್ದೀರಾ ಸಾರ್?" ಎಂದಳು.

ಮದ್ರಾಸಿನಲ್ಲಿ ನೋಡಿದ್ದೇನೆ ಎಂದೆ. ಕಂಬದ ಮೇಲೆ ಕೆಂಪು ಬಾವುಟವಿತ್ತು ಎಂದೂ ಸೇರಿಸಿದೆ. ಆಗ ನಾನು ಸಮುದ್ರವನ್ನೇ ನೋಡಿರಲಿಲ್ಲ.

ಏಕೆ ಹಾಗೆಂದೆ? ಬೆಲ್ಲಿಗೆ ಐದೇ ನಿಮಿಷ ಉಳಿದಿತ್ತು ಎಂದು ಬರೆಯಬಹುದು. ಓದಲು ಚೆನ್ನಾಗಿರುತ್ತದೆ. ನಿಜಕ್ಕೂ ನೆನಪಿಲ್ಲ. ನೆನಪಿರುವುದು ಬಾವುಟ. ವರ್ಷದಿಂದ ವರ್ಷಕ್ಕೆ ಅದಕ್ಕೆ ಗಾಳಿ ಸಿಕ್ಕಿತು, ಅಂಚು ಹರಿಯಿತು, ಬಣ್ಣ ಸ್ವಲ್ಪ ಮಾಸಿತು. ಈಗ ಕಣ್ಣು ಮುಚ್ಚಿದರೆ ನನ್ನ ತಾಯಿಯ ಮುಖಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ನಾನು ನಿವೃತ್ತನಾಗಿ ಹಲಸೂರಿನಲ್ಲಿ ಕಾಲುನೋವು ನೋಡಿಕೊಳ್ಳುತ್ತಿರುವಾಗ ಆ ಹುಡುಗಿಯ ಫೋನು ಬಂತು. ಅವಳೂ ವಿಜ್ಞಾನದ ಟೀಚರಾಗಿದ್ದಳು, ಮೊದಲ ವರ್ಷ. ಮಕ್ಕಳು ಫೋನಿನಲ್ಲಿ ಭೂಮಿ ಚಪ್ಪಟೆ ಎನ್ನುವ ವಿಡಿಯೋ ನೋಡಿಕೊಂಡು ಬಂದು ಅವಳನ್ನು ಹಿಡಿದುಕೊಂಡಿದ್ದರು.

"ನೀವು ನೋಡಿದ್ದೀರಾ ಮಿಸ್ ಅಂತ ದಿನಾ ಕೇಳ್ತಾವೆ ಸಾರ್. ನನಗೆ ಗುಂಡು ಮಿಸ್ ಅಂತ ಹೆಸರಿಟ್ಟಿವೆ. ಪಾಠ ಮುಂದಕ್ಕೇ ಹೋಗ್ತಿಲ್ಲ. ನಮ್ಮ ಸಾರ್ ಕಣ್ಣಾರೆ ನೋಡಿದ್ದಾರೆ ಅಂದ್ಬಿಟ್ಟೆ. ಕರ್ಕೊಂಡು ಬನ್ನಿ ಅಂತಿವೆ. ನಾಳೆ ಒಂದ್ಸಲ ಬಂದು ಹೇಳ್ಬಿಡಿ ಸಾರ್, ಕ್ಲಾಸ್ ನನ್ನ ಕೈಗೆ ಬರುತ್ತೆ. ಇವತ್ತು ಇಫ್ತಾರ್‌ಗೆ ಮನೆಗೆ ಬನ್ನಿ, ಅಮ್ಮಿ ಕರೀತಾ ಇದಾರೆ."

ಹೂಂ ಎಂದೆ. ಇಲ್ಲ ಎನ್ನಲು ಬೇಕಾದಷ್ಟು ತ್ರಾಣವೂ ಇರಲಿಲ್ಲ. ಸಂಜೆ ಅವಳ ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ನಾಳೆ ಹೇಳಬೇಕಾದುದನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡೆ. ಒಂದು ಕಡೆಯೂ ತಡವರಿಸಲಿಲ್ಲ. ಅದೇ ಬೇಸರವಾಯಿತು.

ಅಜಾನ್ ಕೇಳಿಸಿದಾಗ ಅವಳೂ ಅವಳ ತಾಯಿಯೂ ಖರ್ಜೂರ ತಿಂದು ನೀರು ಕುಡಿದರು. ನಮಾಜು ಮುಗಿಸಿ ಬಂದ ಮೇಲೆ ನನಗೂ ಮಗಳಿಗೂ ಗಂಜಿ, ಸಮೋಸ ಬಡಿಸಿದ ತಾಯಿ ತಮ್ಮ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟರು.

"ನೀವೂ ತಗೊಳ್ಳಿ" ಎಂದೆ.

"ನೀವು ತಿನ್ನಿ ಸಾರ್. ನನ್ನ ಮಗ ಜೆಡ್ಡಾದಲ್ಲಿ ಅವ್ನೆ. ಅಲ್ಲಿ ಇನ್ನೂ ಬಿಸಿಲೈತೆ. ಅವನು ಉಪಾಸ ಬಿಟ್ಟು ಫೋನ್ ಮಾಡ್ತಾನೆ, ಆಮೇಲೆ ನಂದು ಊಟ."

"ಎರಡೂವರೆ ಗಂಟೆ ಮೇಲೆ ಆಗುತ್ತೆ ಸಾರ್" ಎಂದಳು ಮಗಳು. "ಅಲ್ಲಿ ಹೊತ್ತು ಮುಳುಗೋದೇ ಅಷ್ಟು ತಡ. ಸಕ್ಕರೆ ಕಾಯಿಲೆ ಬೇರೆ. ಹೇಳಿ ಹೇಳಿ ಸಾಕಾಯ್ತು."

"ನೀನು ಸುಮ್ನಿರು ಬೇಟಿ. ನೀರು ಕುಡಿದಿದ್ದೀನಲ್ಲ."

ಆ ಹೆಂಗಸು ಗೋಡೆಗೆ ಒರಗಿ ಫೋನನ್ನು ಮಡಿಲಲ್ಲಿಟ್ಟುಕೊಂಡರು. ನಾನು ಗಂಜಿಯ ಬಟ್ಟಲು ಕೆಳಗಿಟ್ಟೆ. ಅವರನ್ನು ನೋಡಿ ಪಶ್ಚಾತ್ತಾಪವಾಯಿತು ಎಂದರೆ ಅದೂ ಇನ್ನೊಂದು ಬಾವುಟವಾದೀತು. ನಾಳೆ ಮತ್ತೆ ಅದನ್ನೇ ಹೇಳಬೇಕಲ್ಲ ಎಂಬ ದಣಿವೇ ಹೆಚ್ಚಿತ್ತು.

"ನಾನು ಆ ಹಡಗು ನೋಡಿಲ್ಲಮ್ಮ" ಎಂದೆ.

"ಯಾವ ಹಡಗು ಸಾರ್?"

"ಮದ್ರಾಸಿಂದು."

"ಕೆಂಪು ಬಾವುಟ?"

"ಅದನ್ನೂ ನೋಡಿಲ್ಲ."

ಅವಳು ಚಮಚ ಕೆಳಗಿಟ್ಟಳು. "ಸಾರ್, ಆ ಬಾವುಟಾನ ನಾನು ನೆನ್ನೆ ಬೋರ್ಡ್ ಮೇಲೆ ಬರ್ದು ಬಂದಿದ್ದೀನಿ. ಬಣ್ಣದ ಚಾಕ್ ತಗೊಂಡು."

ಪಾಠ ಸುಳ್ಳಲ್ಲ, ಹಡಗು ಹಾಗೆಯೇ ಕಾಣುವುದು, ನೋಡಿದೆ ಎಂದದ್ದು ಮಾತ್ರ ಸುಳ್ಳು ಎಂದೆ. ಬೇಕಾದರೆ ನಾಳೆ ಬಂದು ಮಕ್ಕಳ ಮುಂದೆಯೇ ಒಪ್ಪಿಕೊಳ್ಳುತ್ತೇನೆ ಎಂದೆ.

"ಅಯ್ಯೋ ಬೇಡ ಸಾರ್. ನೀವು ಒಪ್ಕೊಂಡು ಬಸ್ ಹತ್ಬಿಡ್ತೀರ. ಆಮೇಲೆ ಆ ಮಕ್ಕಳ ಜೊತೆ ಏಗ್ಬೇಕಾದೋಳು ನಾನು."

ತಾಯಿ ಏನಾಯಿತೆಂದು ಮನೆಮಾತಿನಲ್ಲಿ ಕೇಳಿದರು. ಮಗಳು ಹೇಳಿದಳು. ಅವರು ನಕ್ಕರು. ನಗುವಾಗ ತಟ್ಟೆಯ ಮೇಲಿನ ತಟ್ಟೆ ಸರಿಯಿತು, ಸರಿಪಡಿಸಿದರು. ಮಗಳು ಸ್ವಲ್ಪ ಹೊತ್ತು ಆ ತಟ್ಟೆಯನ್ನೇ ನೋಡುತ್ತಿದ್ದಳು.

"ನನ್ನ ಕ್ಲಾಸಲ್ಲಿ ಅರ್ಧ ಮಕ್ಕಳಿಗೆ ಅಪ್ಪನೋ ಮಾಮೂನೋ ಯಾರಾದ್ರೂ ಗಲ್ಫಲ್ಲಿದಾರೆ" ಎಂದಳು. "ಎಲ್ಲಿ ಎಷ್ಟೊತ್ತಿಗೆ ಹೊತ್ತು ಮುಳುಗುತ್ತೆ, ಫೋನ್ ಮಾಡಿ ಬರ್ಕೊಂಡು ಬನ್ನಿ ಅಂತೀನಿ. ತಟ್ಟೆ ಥರ ಇದ್ರೆ ಎಲ್ಲಾ ಕಡೆ ಒಟ್ಟಿಗೇ ಮುಳುಗ್ಬೇಕಲ್ಲ, ಯಾಕೆ ಮುಳುಗಲ್ಲ, ಅವ್ರೇ ಹೇಳ್ಲಿ."

"ಅದೊಂದರಿಂದಲೇ ಪೂರ್ತಿ ಸಾಬೀತಾಗೋದಿಲ್ಲ" ಎಂದೆ. ಮೇಷ್ಟರ ಚಟ.

"ಗೊತ್ತು ಸಾರ್. ಆದ್ರೆ ಇದು ಮಕ್ಕಳು ಮನೇಲೇ ನೋಡಿರೋದು" ಎಂದಳು. "ನೀವು ನಾಳೆ ಬರೋದು ಬೇಡ. ಕಾಲುನೋವು ಬೇರೆ."

ಕಾಲುನೋವಿನ ಮಾತನ್ನು ಮರ್ಯಾದೆಗೆ ಸೇರಿಸಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. ತಾಯಿ ಎದ್ದು ಬಾಗಿಲವರೆಗೆ ಬಂದರು, ಫೋನು ಕೈಯಲ್ಲೇ ಇತ್ತು. ಒಳಗೆ ಮಗಳು ಆಗಲೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತಿದ್ದಳು, ಊರು, ಗಂಟೆ, ಊರು, ಗಂಟೆ.

ಬಸ್ ನಿಲ್ದಾಣದಲ್ಲಿ ಗಡಿಯಾರ ನೋಡಿದೆ. ಜೆಡ್ಡಾದಲ್ಲಿ ಹೊತ್ತು ಮುಳುಗಲು ಇನ್ನೂ ಒಂದು ಗಂಟೆಯಿತ್ತು. ಬಸ್ಸೂ ಬರಲಿಲ್ಲ.