ಅತ್ತಿಗೆಯ ಅಂಗಡಿಗೆ ಬಿದ್ದ ಹಸಿರು ಚುಕ್ಕೆ

ನಮ್ಮ ಅತ್ತಿಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಜೋರಾಗಿ ಒತ್ತುತ್ತಾರೆ. ಆ ವರ್ಷ ಓಣಿಯವರ ಪ್ಯಾಂಟುಗಳಿಗೆಲ್ಲ ಕತ್ತಿಯಂಥ ಗೆರೆ ಬಿದ್ದಿತ್ತು.

ಬೆನ್ನು ಕೆಟ್ಟು ಅಣ್ಣ ಗೋದಾಮಿನ ಕೆಲಸ ಬಿಟ್ಟ ಮೇಲೆ ಅತ್ತಿಗೆ ರೈಲು ನಿಲ್ದಾಣದ ಮೆಟ್ಟಿಲ ಪಕ್ಕ ಇಸ್ತ್ರಿ ಅಂಗಡಿ ಇಟ್ಟರು. ಅಂಗಡಿ ಎಂದರೆ ತಗಡಿನ ಸೂರು, ಉದ್ದನೆಯ ಮೇಜು, ಗೋಡೆಗೆ ಹೊಡೆದ ಮೊಳೆಗಳು. ಬೆಳಗ್ಗೆ ರೈಲಿಗೆ ಹೋಗುವವರು ಬಟ್ಟೆಯ ಗಂಟು ಎಸೆದು ಓಡುತ್ತಾರೆ, ಸಂಜೆ ಇಳಿದವರು ಮಡಿಸಿಟ್ಟದ್ದನ್ನು ಎತ್ತಿಕೊಂಡು ಹೋಗುತ್ತಾರೆ. ಆ ಮೆಟ್ಟಿಲು ಬಿಟ್ಟು ಬೇರೆ ಕಡೆ ಕೂತರೆ ಒಂದು ಕರವಸ್ತ್ರವೂ ಬರುವುದಿಲ್ಲ. ಮನೆ ನಡೆಯುವುದೇ ಅದರಿಂದ. ನಾನು ಗೋಡೆಗೆ ಬಣ್ಣ ಹೊಡೆಯುವವನು, ನನ್ನ ಕೆಲಸ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಆಗ ನಿಲ್ದಾಣದ ಸುತ್ತ ಹೊಸ ಯೋಜನೆ ಬಂತು. ಮನೆ, ಅಂಗಡಿ, ಆಫೀಸು ಎಲ್ಲ ರೈಲಿಗೆ ನಡೆದು ಹೋಗುವಷ್ಟು ಹತ್ತಿರ ಇರಬೇಕಂತೆ, ಯಾರಿಗೂ ಕಾರು ಬೇಕಾಗಬಾರದಂತೆ. ನಮ್ಮ ಓಣಿಯಲ್ಲಿ ಕಾರು ಇದ್ದವರೇ ಇಲ್ಲ. ಯೋಜನೆಯವರು ಶಾಲೆಯ ಹಾಲ್‌ನಲ್ಲಿ ಸಭೆ ಕರೆದು, ದೊಡ್ಡ ನಕ್ಷೆ ಹಾಸಿ, ಅಂಟಿಸುವ ಬಣ್ಣದ ಚುಕ್ಕೆ ಕೊಟ್ಟರು. ಎಲ್ಲಿ ಏನು ಬೇಕೋ ಜನರೇ ಅಂಟಿಸಬೇಕು.

ಅತ್ತಿಗೆಗೆ ಹೋಗಲಾಗಲಿಲ್ಲ. ಸಭೆಗೆ ಹಾಕಿಕೊಳ್ಳಲು ಓಣಿಯವರೆಲ್ಲ ಅವತ್ತೇ ಬಟ್ಟೆ ತಂದು ಸುರಿದಿದ್ದರು. ನಾನೂ ಕೆಲಸದ ಮೇಲಿದ್ದೆ.

ಸಭೆ ಮುಗಿಸಿ ನಮ್ಮ ಓಣಿಯ ಮೀಟರ್ ಮಾಮ ಎದೆಯುಬ್ಬಿಸಿಕೊಂಡು ಅಂಗಡಿಗೆ ಬಂದರು. ಅವರು ಹಿಂದೆ ಟ್ಯಾಕ್ಸಿ ಓಡಿಸಿದವರು. ಬಾಯಿ ಒಮ್ಮೆ ಶುರುವಾದರೆ ನಿಲ್ಲದು, ಅದಕ್ಕೇ ಆ ಹೆಸರು.

"ನಿನ್ನ ಅಂಗಡಿಗೆ ಇನ್ನು ಯಾರೂ ಕೈ ಹಚ್ಚಲ್ಲಮ್ಮ. ಎಲ್ಲರ ಕೈಲೂ ಅದರ ಮೇಲೆ ಹಸಿರು ಚುಕ್ಕೆ ಹಾಕಿಸ್ಬಿಟ್ಟೆ."

"ಹಸಿರು ಅಂದ್ರೇನು ಮಾಮ?"

"ಸಿಗ್ನಲ್ ನೋಡಿಲ್ವಾ? ಹಸಿರು ಅಂದ್ರೆ ನಡೀಲಿ ಅಂತ. ಕೆಂಪು ಮುಟ್ಟೋಕೇ ಬಿಡ್ಲಿಲ್ಲ ನಾನು."

"ಯೋಜನೆಯವರು ಹೇಳಿದ್ದು ಕೇಳಿಸ್ಕೊಂಡ್ರಾ?"

"ಅವರು ಹೇಳ್ತಾನೇ ಇದ್ರು. ನಾನೂ ಹೇಳ್ತಾನೇ ಇದ್ದೆ."

ಮುಂದಿನ ಸಭೆಗೆ ಅತ್ತಿಗೆ ನನ್ನನ್ನೂ ಕರೆದುಕೊಂಡು ಹೋದರು. ಹೊಸ ನಕ್ಷೆಯಲ್ಲಿ ಮೆಟ್ಟಿಲ ಪಕ್ಕ ಮರಗಳು, ಒಂದು ಬೆಂಚು. ಅಂಗಡಿ ಇಲ್ಲ. ಅವರ ಲೆಕ್ಕದಲ್ಲಿ ಹಸಿರು ಎಂದರೆ ಪಾರ್ಕು, ಕೆಂಪು ಎಂದರೆ ಅಂಗಡಿ.

"ಇಲ್ಲಿ ನನ್ನ ಅಂಗಡಿ ಇದೆಯಲ್ಲ ಸ್ವಾಮಿ."

"ಜನರೇ ಪಾರ್ಕ್ ಕೇಳಿದ್ದಮ್ಮ," ಎಂದರು ನಕ್ಷೆಯವರು. "ಇಡೀ ನಕ್ಷೇಲಿ ಇಷ್ಟು ಚುಕ್ಕೆ ಬೇರೆಲ್ಲೂ ಬಿದ್ದಿಲ್ಲ. ಅವರೇ ಬಂದು ಬೇಡ ಅನ್ನಲಿ, ನೋಡೋಣ."

ಸರಿ, ಅತ್ತಿಗೆ ಮನೆಮನೆಗೆ ಹೋದರು. ಪಕ್ಕದ ಮನೆ ನರ್ಸಮ್ಮ, "ಬೇಡ ಅಂತೀನಿ ಬಿಡಿ ಅಕ್ಕ. ಆದ್ರೂ ಒಂದು ಬೆಂಚಿದ್ರೆ ಚೆನ್ನಾಗಿತ್ತು, ಅಲ್ವಾ?" ಎಂದರು. ದರ್ಜಿಗೆ ನೆರಳಿನ ಆಸೆ. ಮೀಟರ್ ಮಾಮನಂತೂ ಉಪಾಯವನ್ನೇ ಹೇಳಿದರು.

"ಆ ಬೆಂಚ್ ಮೇಲೇ ಇಸ್ತ್ರಿ ಮಾಡ್ಬಹುದಲ್ಲಮ್ಮ."

"ಮೊದಲು ನಿಮ್ಮನ್ನ ಅದರ ಮೇಲೆ ಮಲಗಿಸಿ ಇಸ್ತ್ರಿ ಮಾಡ್ತೀನಿ ಮಾಮ."

ಮರುದಿನ ಅತ್ತಿಗೆ ಅಂಗಡಿ ತೆರೆಯಲಿಲ್ಲ. ಗಂಟು ಹೊತ್ತು ಮನೆಗೆ ಬಂದವರಿಗೆ ಅತ್ತಿಗೆ ಬಾಗಿಲಲ್ಲೇ, "ಪಾರ್ಕಿಗೆ ಕೊಡಿ, ಮರ ಮಾಡ್ಕೊಡುತ್ತೆ," ಎಂದರು. ಓಣಿಯವರು ಎಮ್ಮೆ ಅಗಿದು ಬಿಟ್ಟಂಥ ಬಟ್ಟೆಯಲ್ಲಿ ರೈಲು ಹತ್ತತೊಡಗಿದರು. ಮೈ ಸರಿಯಿಲ್ಲವಾ ಎಂದು ನರ್ಸಮ್ಮನನ್ನು ರೋಗಿಯೇ ಕೇಳಿದನಂತೆ.

ಇನ್ನೊಂದು ಸಭೆ ಕರೆದಾಗ ಎಲ್ಲರೂ ಸುಕ್ಕುಸುಕ್ಕಾಗಿ ಬಂದು ಅಂಗಡಿ ಬೇಕು ಎಂದರು. ನಕ್ಷೆಯವರು ಅಲ್ಲೇ ನಕ್ಷೆಯ ಮರದ ಬುಡದಲ್ಲಿ ಅಂಗಡಿಗೆಂದು ಒಂದು ಪುಟ್ಟ ಚೌಕ ಬರೆದರು. ಓಣಿಯವರು ಚಪ್ಪಾಳೆ ತಟ್ಟಿದರು. ಅತ್ತಿಗೆ ಮಾತ್ರ ಬಗ್ಗಿ ನೋಡಿದರು.

"ಇದರೊಳಗೆ ನನ್ನ ಮೇಜು ಹಿಡಿಸಲ್ಲ."

"ಜನ ಅಂಗಡಿ ಅಂದ್ರಮ್ಮ. ಎಷ್ಟು ದೊಡ್ಡದು ಅಂತ ಹೇಳ್ಲಿಲ್ಲ."

"ನಾನು ಹೇಳ್ತೀನಿ," ಎಂದು ಮೀಟರ್ ಮಾಮ ಎದ್ದರು. ಅತ್ತಿಗೆ ಅವರ ಅಂಗಿ ಹಿಡಿದು ಕೂರಿಸಿದರು.

"ನಿಮ್ಮ ಕಾಲಿಗೆ ಬೀಳ್ತೀನಿ ಮಾಮ, ಇನ್ನು ನನ್ನ ಪರವಾಗಿ ಬಾಯಿ ತೆಗೀಬೇಡಿ. ಮನೇನೂ ಪಾರ್ಕ್ ಆಗಿಬಿಡುತ್ತೆ."

ಆಮೇಲೆ ಮೇಜಿನ ಅಳತೆಯನ್ನು ತಾವೇ ಹೇಳಿ, ನಕ್ಷೆಯವರು ಬರೆಯುವವರೆಗೂ ಅವರ ಪಕ್ಕದಲ್ಲೇ ನಿಂತರು. ಬರೆದರು. ಈಗ ನಕ್ಷೆಯಲ್ಲಿ ಸರಿಯಾಗಿ ಮೇಜಿನಷ್ಟೇ ಜಾಗ ಇದೆ. ಅದರ ಹಿಂದೆ ಅತ್ತಿಗೆ ಎಲ್ಲಿ ನಿಲ್ಲಬೇಕು ಎಂಬುದು ಮುಂದಿನ ಸಭೆಗೆ ಹೋಗಿದೆ.