ದೇವರ ಗೂಡಿನ ರೆಗ್ಗೆ ಕ್ಯಾಸೆಟ್

ಕ್ಯಾಸೆಟ್ಟಿನ ಡಬ್ಬಿ ತೆರೆದರೆ ಕರ್ಪೂರದ ವಾಸನೆ. ಹೋದ ವಾರ ಹಾಸನದಲ್ಲಿ ಸಿಕ್ಕಿದ ಅತ್ತೆಯ ಮಗಳು, "ಅಮ್ಮನ ಸಾಮಾನು ತೆಗೀತಿದ್ದೆ, ಇದು ನಿಮ್ಮತ್ರ ಇರ್ಲಿ" ಎಂದು ಕೈಗಿಟ್ಟಳು. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ದಿನಕ್ಕೆ ಮೂರು ಸಲ ಪಟ್ಟಿ ತಿರುಗಿಸಿ ನೋಡುವವನು ನಾನು. ಮೂವತ್ತೈದು ವರ್ಷದ ಹಿಂದೆ ಹೇಳಿದ ಸುಳ್ಳು ಮಾತ್ರ ಚೆನ್ನಾಗಿ ನೆನಪಿದೆ.

ಅತ್ತೆ ಎಂದರೆ ಸಂಬಂಧವಲ್ಲ. ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯವರು. ಅವರ ಗಂಡ ಮಿಲಿಟರಿಯಲ್ಲಿ, ಶಿಲ್ಲಾಂಗಿನ ಕಡೆ ಇದ್ದರು. ಕಾಗದದಲ್ಲಿ "ನಾನು ಕ್ಷೇಮ, ಎಮ್ಮೆ ಹೇಗಿದೆ" ಎನ್ನುವುದರಾಚೆ ಹೋದವರಲ್ಲ. ಅಂಥ ಮಾವ ಒಮ್ಮೆ, ರಜೆಗೆ ಬರುತ್ತಿದ್ದ ಗೆಳೆಯನ ಕೈಲಿ ಈ ಕ್ಯಾಸೆಟ್ ಕಳಿಸಿದ್ದರು, ರೆಗ್ಗೆ ಎಂಬ ಬಗೆಯ ಇಂಗ್ಲಿಷ್ ಹಾಡುಗಳದು. ಒಂದು ಬದಿಗೆ ಪ್ರೇಮಗೀತೆ, ಇನ್ನೊಂದು ಬದಿಗೆ ದೇವರ ಸ್ತುತಿ. ಪ್ರೇಮದ ಬದಿಯ ಮೂರನೆಯ ಹಾಡಿನ ಮುಂದೆ ನೀಲಿ ಪೆನ್ನಿನ ಗುರುತು.

"ಕಾಲೇಜ್ ಓದ್ತಿದ್ದೀಯಲ್ಲ, ಈವಯ್ಯ ಏನಂತವ್ನೆ ಏಳ್ಲಾ" ಎಂದು ಅತ್ತೆ ನನ್ನನ್ನು ಟೇಪ್ ರೆಕಾರ್ಡರಿನ ಮುಂದೆ ಕೂರಿಸಿದರು. ಅಲ್ಲೇ ಮಾವನ ತಾಯಿ ಅವರೆಕಾಯಿ ಸುಲಿಯುತ್ತಿದ್ದರು. ಅರ್ಧ ಮಾತು ತಿಳಿಯದಿದ್ದರೂ ಗುರುತಿನ ಹಾಡಿನ ಪಲ್ಲವಿ ಸ್ಪಷ್ಟವಿತ್ತು: ನೀನಿಲ್ಲದ ಊರಲ್ಲಿ ಬೆಳಗಾಗುವುದೇ ತಡ, ನಿನ್ನ ಹೆಸರು ಹಿಡಿದೇ ಏಳುತ್ತೇನೆ... ಇದನ್ನು ಆ ಮುದುಕಿಯ ಎದುರು, ಹದಿನೇಳರ ನಾನು ಹೇಗೆ ಹೇಳಲಿ?

"ದೇವ್ರ ಹಾಡು, ಅತ್ತೆ. ಎಲ್ಲಾ ದೇವ್ರುದೇ."

ಏನನ್ನೋ ಕಾದಿದ್ದ ಅತ್ತೆಯ ಮುಖ ಹಾಗೇ ಇಳಿಯಿತು. "ಅಂಗಾ... ಒಳ್ಳೇದೇ ಬುಡು" ಎಂದರು. ಅಂದಿನಿಂದ ಶುಕ್ರವಾರದ ಪೂಜೆಗೆ ಅದೇ ಹಾಡು, ಕ್ಯಾಸೆಟ್ಟಿಗೆ ಕುಂಕುಮ.

ಮಾವ ರಜೆಗೆ ಬಂದ ದಿನ ನಾನೂ ಅಲ್ಲಿದ್ದೆ. ದೇವರ ಗೂಡಿನಲ್ಲಿ ಗಂಟೆಯ ಪಕ್ಕ ಕ್ಯಾಸೆಟ್ ಕಂಡು ನಿಂತೇಬಿಟ್ಟರು.

"ಇದ್ಯಾಕೆ ಇಲ್ಲೈತೆ?"

"ದೇವ್ರ ಹಾಡ್ನ ಇನ್ನೆಲ್ಲಿ ಮಡಗ್ಲಿ? ಇವ್ನೇ ಅರ್ಥ ಏಳ್ದ."

ಮಾವ ನನ್ನನ್ನು ನೋಡಿದರು. ನಾನು ಕಾಲಲ್ಲೇ ಚಪ್ಪಲಿ ಹುಡುಕುತ್ತಿದ್ದೆ. "ಬಲೇ ಉಷಾರು ಕಣ್ಲಾ ನೀನು" ಎಂದಷ್ಟೇ ಅಂದು ಕೈಕಾಲು ತೊಳೆಯಲು ಹೋದರು. ತಾವಾದರೂ ಹೆಂಡತಿಗೆ ಹೇಳಲಿಲ್ಲ. ಬಾಯಿಬಿಟ್ಟು ಹೇಳಬಲ್ಲವರಾಗಿದ್ದರೆ ಹಾಡೇಕೆ ಕಳಿಸುತ್ತಿದ್ದರು...

ಮಾವ ತೀರಿಕೊಂಡ ಹನ್ನೊಂದನೆಯ ದಿನ, ಬಂದ ಹೆಂಗಸರಿಗೆ ಅತ್ತೆ ಹೇಳುತ್ತಿದ್ದರು: "ಒಂದಿನ ಪ್ರೀತಿಯಾಗಿ ಮಾತಾಡ್ಲಿಲ್ಲ ಕಣಮ್ಮ. ಕಳಿಸಿದ್ದೂ ದೇವ್ರ ಹಾಡೇ. ಪುಣ್ಯಾತ್ಮ."

ಆಗ ಎದ್ದು ಹೇಳಬೇಕಿತ್ತು. ಎಲೆಯ ಮುಂದಿಂದ ಅರ್ಧ ಎದ್ದೆ ಕೂಡ. ಬಡಿಸುತ್ತಿದ್ದವನು ಕರೆದೆನೆಂದುಕೊಂಡು ಎರಡು ವಡೆ ಹಾಕಿದ, ಕೂತು ತಿಂದೆ. ಆಮೇಲೆ ಪ್ರತಿ ಭೇಟಿಯಲ್ಲೂ ಮುಂದಿನ ಸಲ ಎಂದುಕೊಂಡೆ. ಈಗ ಹೇಳಿದರೆ ಇಷ್ಟು ವರ್ಷದ ಪೂಜೆಯೇ ಸುಳ್ಳಾಯಿತೆಂದು ಕುಸಿದಾರು, ನನ್ನ ಮುಖ ನೋಡುವುದನ್ನೇ ಬಿಟ್ಟಾರು... ನನ್ನ ಚಿಂತೆಗಳಿಗೆ ಬರವೇ? ಈ ಚಳಿಗಾಲದಲ್ಲಿ ಅತ್ತೆಯೂ ಹೋದರು.

ನಿನ್ನೆ ಆ ಹಾಡನ್ನು ಫೋನಿನಲ್ಲಿ ಹುಡುಕಿ ಹಾಕಿದೆ. ಬಟ್ಟೆ ಮಡಚುತ್ತಿದ್ದ ಹೆಂಡತಿ, "ಏನಂತೆ ಅವನ್ದು?" ಎಂದಳು. ಹೇಳಿದೆ. ಒಂದೊಂದೇ ಸಾಲು, ಏನೂ ಬಿಡದೆ. ಅವಳು ಮಡಚುವುದನ್ನು ನಿಲ್ಲಿಸಿ ಕೇಳಿದಳು.

ಪೂರ್ತಿ ಹೇಳುವುದಕ್ಕೆ ನಾಲ್ಕು ನಿಮಿಷ ಸಾಕಾಯಿತು.